ಖಾಲಿ ಔಷಧಿ ಡಬ್ಬಿ: ಖರ್ಚು ಯಾರದು?

ಹತ್ತಿಗೆ, ತೊಗರಿಗೆ ಹೊಡೆದಾದ ಮೇಲೆ ಖಾಲಿ ಡಬ್ಬಿ ಬದುವಿಗೋ ಹಳ್ಳಕ್ಕೋ ಬೀಳುತ್ತೆ. ಅದರಲ್ಲೇ ನೀರು ಒಯ್ಯುವವರೂ ಇದ್ದಾರೆ! 1971ರ ಕೀಟನಾಶಕ ನಿಯಮಾವಳಿಯೇನೋ ಡಬ್ಬಿ ಒಡೆದು ಊರಾಚೆ ಹೂಳಿ ಅನ್ನುತ್ತೆ. ಹೂಳೋರು ಯಾರು? ಪಂಚಾಯ್ತಿ ಕೂಡಿಸಲಿ ಅಂದರೆ ದುಡ್ಡೆಲ್ಲಿ?

ಬ್ರೆಜಿಲ್ ದೇಶದವರು 2000ದಲ್ಲೇ ಕಾನೂನು ಮಾಡಿ ಈ ಭಾರ ಹಂಚಿದರು. ರೈತ ಡಬ್ಬಿಯನ್ನು ಮೂರು ಸಲ ತೊಳೆದು, ತೂತು ಮಾಡಿ ವಾಪಸು ಕೊಡಬೇಕು. ಎಲ್ಲಿ ಕೊಡಬೇಕೆಂದು ಅಂಗಡಿಯವನು ಬಿಲ್ಲಿನಲ್ಲೇ ಬರೆಯಬೇಕು. ಅಲ್ಲಿಂದ ಸಾಗಿಸಿ ವಿಲೇವಾರಿ ಮಾಡೋ ಖರ್ಚು ಕಂಪನಿಯದು. ನಾವೂ ಇದನ್ನೇ ಕೇಳಬೇಕು. ಔಷಧಿಯ ರೇಟಿಗೇ ಸೇರಿಸ್ತಾರೆ ಅಂತೀರಾ? ಸೇರಿಸಲಿ. ಹಳ್ಳದ ನೀರು ಕುಡಿದು ಎತ್ತು ಸತ್ತರೆ ಅದಕ್ಕಿಂತ ಹೆಚ್ಚು ಹೋಗುತ್ತೆ.

ತೊಳೆಯೋದಂತೂ ಇವತ್ತೇ ಶುರು ಮಾಡಬಹುದು. ಕಾಲುಭಾಗ ನೀರು ಹಾಕಿ ಚೆನ್ನಾಗಿ ಕುಲುಕಿ, ಆ ನೀರನ್ನು ಪಂಪಿಗೇ ಸುರಿದು ಬೆಳೆಗೇ ಹೊಡೀರಿ. ಅದಕ್ಕೂ ಕಾಸು ಕೊಟ್ಟಿದ್ದೀರಲ್ಲ.