ಅಡುಗೆಮನೆಯಲ್ಲಿ ಹುಟ್ಟಿದ ಗಣಿತಯಂತ್ರ

1937ರ ನವೆಂಬರ್ ತಿಂಗಳು. ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಶಾಲೆಯ ಗಣಿತಜ್ಞ ಜಾರ್ಜ್ ಸ್ಟಿಬಿಟ್ಜ್ ಟೆಲಿಫೋನಿನ ಎರಡು ರಿಲೇಗಳನ್ನು ಮನೆಗೆ ತಂದರು. ವಿದ್ಯುತ್ತು ಹರಿದೊಡನೆ ಅಯಸ್ಕಾಂತದ ಸೆಳೆತದಿಂದ ತಾನಾಗಿ ಚಲಿಸುವ ಸ್ವಿಚ್ಚೇ ರಿಲೇ. ಅಡುಗೆಮನೆಯ ಮೇಜಿನ ಮೇಲೆ ಅವಕ್ಕೆ ಬ್ಯಾಟರಿಯನ್ನೂ ಟಾರ್ಚಿನ ಬಲ್ಬುಗಳನ್ನೂ ಜೋಡಿಸಿ, ತಂಬಾಕಿನ ಡಬ್ಬಿಯ ತಗಡನ್ನು ಕತ್ತರಿಸಿ ಒತ್ತುಗುಂಡಿಗಳನ್ನು ಮಾಡಿದರು. ಈ ಆಟಿಕೆಗೆ, ಕಿಚನ್ನಿನಲ್ಲಿ ಹುಟ್ಟಿದ ಕಾರಣ, 'ಮಾಡೆಲ್ ಕೆ' ಎಂದು ಹೆಸರಾಯಿತು.

ಅದು ಬಲ್ಲ ಅಂಕಿಗಳು ಎರಡೇ: ಸೊನ್ನೆ ಮತ್ತು ಒಂದು. ಯಾವುದಾದರೊಂದು ಗುಂಡಿಯನ್ನು ಒತ್ತಿದರೆ ಬಿಡಿಸ್ಥಾನದ ದೀಪ ಬೆಳಗುವುದು. ಎರಡನ್ನೂ ಒತ್ತಿದರೆ ಆ ದೀಪವಾರಿ ಪಕ್ಕದ ಸ್ಥಾನದ ದೀಪ ಬೆಳಗುವುದು. ಶಾಲೆಯ ಹುಡುಗ ಕೂಡುವಾಗ 'ಕೈಯಲ್ಲಿ ಒಂದು' ಎನ್ನುವುದಿಲ್ಲವೇ? ಅದನ್ನೇ ಇಲ್ಲಿ ತಂತಿ ನುಡಿಯಿತು.

ಅದೇ ವರ್ಷ ಕ್ಲಾಡ್ ಶಾನನ್ ಎಂಬ 21 ವರ್ಷದ ವಿದ್ಯಾರ್ಥಿ ತನ್ನ ಎಂ.ಐ.ಟಿ. ಪ್ರಬಂಧದಲ್ಲಿ ಇದರ ಶಾಸ್ತ್ರವನ್ನು ನಿರೂಪಿಸಿದನು. 1854ರಲ್ಲಿ ಜಾರ್ಜ್ ಬೂಲ್ ತರ್ಕಕ್ಕೆಂದು ವಿವರಿಸಿದ ಬೀಜಗಣಿತವು ಸ್ವಿಚ್ಚುಗಳಿಗೂ ಸಲ್ಲುವುದೆಂದು ತೋರಿಸಿದನು. 'ಮತ್ತು', 'ಅಥವಾ', 'ಅಲ್ಲ' ಎಂಬ ಮೂರು ಮಾತುಗಳನ್ನು ವಿದ್ಯುನ್ಮಂಡಲಗಳಾಗಿಸಿದರೆ ಎಂತಹ ತರ್ಕವನ್ನೂ ಕಟ್ಟಬಹುದು.

ಪ್ರೊಸೆಸರ್ ರಚನೆಯನ್ನು ಕಲಿಯುವವನು ಇಂದಿಗೂ ಹತ್ತಬೇಕಾದ ಮೆಟ್ಟಿಲುಗಳಿವು. ಮೊದಲು ಕೂಡುವ ಮಂಡಲ. ಬಳಿಕ ಉತ್ತರವನ್ನು ಹಿಡಿದಿಡುವ ರಿಜಿಸ್ಟರು. ಅನಂತರ ಆಜ್ಞೆಯನ್ನರಿತು ಮಂಡಲಗಳನ್ನು ನಡೆಸುವ ನಿಯಂತ್ರಣ ಭಾಗ. ಬಿಡಿಭಾಗಗಳು ಸುಲಭ, ಕಠಿಣವಾದುದು ಕಾಲದ ಪಾಠ.

9999ಕ್ಕೆ 1 ಕೂಡಿದಾಗ 'ಕೈಯಲ್ಲಿ ಒಂದು' ಬಿಡಿಯಿಂದ ಹತ್ತುಸಾವಿರದವರೆಗೂ ಸ್ಥಾನದಿಂದ ಸ್ಥಾನಕ್ಕೆ ನಡೆಯಬೇಕು. ಸರಳವಾದ ಮಂಡಲದಲ್ಲಿಯೂ ಹಾಗೆಯೇ. ಆ ನಡಿಗೆ ಮುಗಿಯುವ ಮೊದಲೇ ಉತ್ತರವನ್ನು ಬರೆದುಕೊಂಡರೆ ಲೆಕ್ಕ ತಪ್ಪು. ಆದುದರಿಂದ ಪ್ರೊಸೆಸರಿನ ಗಡಿಯಾರ ಅತಿ ನಿಧಾನದ ದಾರಿಗಾಗಿ ಕಾದು ಮುಂದಿನ ಮಿಡಿತ ಕೊಡುತ್ತದೆ. ದಶಕವು ಬರುವುದನ್ನು ಮುಂಚೆಯೇ ಊಹಿಸಿ ದಾರಿಯನ್ನು ಕಿರಿದುಗೊಳಿಸುವುದರಲ್ಲಿಯೇ ರಚನಾಕಾರನ ಜಾಣ್ಮೆಯಿದೆ.

ಸ್ಟಿಬಿಟ್ಜರ ಆಟಿಕೆ ಅಲ್ಲಿಗೇ ನಿಲ್ಲಲಿಲ್ಲ. ಅದರಿಂದ ಬೆಳೆದ ರಿಲೇ ಯಂತ್ರವೊಂದು ನ್ಯೂಯಾರ್ಕಿನಲ್ಲಿದ್ದುಕೊಂಡೇ, 1940ರ ಸೆಪ್ಟೆಂಬರಿನಲ್ಲಿ, ದೂರದ ಹ್ಯಾನೋವರಿನಲ್ಲಿ ನೆರೆದ ಗಣಿತಜ್ಞರ ಪ್ರಶ್ನೆಗಳಿಗೆ ತಂತಿಯ ಮೂಲಕ ಉತ್ತರಿಸಿತು. 1971ರಲ್ಲಿ ಬಂದ ಇಂಟೆಲ್ 4004 ಎಂಬ ಪ್ರೊಸೆಸರಿನಲ್ಲಿದ್ದ ಟ್ರಾನ್ಸಿಸ್ಟರುಗಳು ಸುಮಾರು 2,300. ಇಂದು ಜೇಬಿನ ಫೋನಿನಲ್ಲಿಯೇ ನೂರಾರು ಕೋಟಿಗಳಿವೆ.

ಅಷ್ಟನ್ನು ಒಮ್ಮೆಗೇ ಗ್ರಹಿಸಲು ಹೊರಟವನು ಕಂಗೆಡುವನು. ಎರಡು ಗುಂಡಿ, ಎರಡು ದೀಪಗಳನ್ನು ಸ್ವತಃ ಜೋಡಿಸಿದವನಿಗಾದರೋ ಉಳಿದುದು ಅದರದೇ ವಿಸ್ತಾರ.