ಬಾಯಿಪಾಠಕ್ಕೂ ಮೊದಲು

ನವಿಮುಂಬಯಿಯ ವಾಶಿಯಲ್ಲಿ ವಿಷ್ಣುದಾಸ ಭಾವೆ ನಾಟ್ಯಗೃಹವಿದೆ. ಮರಾಠಿ ರಂಗಭೂಮಿಯ ಜನಕನೆನಿಸಿದ ಆ ಹೆಸರಿನ ಹಿಂದೆ ಉತ್ತರ ಕನ್ನಡದ ಒಂದು ಊರಿದೆ. ಹೊನ್ನಾವರ ಬಳಿಯ ಕರ್ಕಿಯ ಭಾಗವತರ ಮೇಳ ಸಾಂಗ್ಲಿಗೆ ಹೋಗಿ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವಾಡಿತ್ತು. ಮೆಚ್ಚಿದ ಅರಸರು ಮರಾಠಿಯಲ್ಲೂ ಇಂಥದ್ದಾಗಲಿ ಎಂದರು. 1843ರಲ್ಲಿ ಭಾವೆಯವರ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಅದರಲ್ಲಿ ಹಾಡುಗಳಷ್ಟೇ ಸಿದ್ಧವಾಗಿದ್ದವು. ಸೂತ್ರಧಾರ ಹಾಡುವುದು, ಪಾತ್ರಧಾರಿಗಳು ಹಾಡಿನ ಅರ್ಥ ಹಿಡಿದು ತಮ್ಮ ಮಾತು ತಾವೇ ಕಟ್ಟಿಕೊಳ್ಳುವುದು. ಯಕ್ಷಗಾನದ ಅರ್ಥಗಾರಿಕೆ ಬಲ್ಲವರಿಗೆ ಇದು ಪರಿಚಿತ ದಾರಿ. ನಟನೆಯ ತರಗತಿ ತೆರೆಯಹೊರಟವರು ಮೊದಲು ಹಿಡಿಯಬೇಕಾದ ಎಳೆಯೂ ಇದೇ ಎಂದು ನನ್ನ ನಂಬಿಕೆ.

ಥಾಣೆಯ ಗಡ್ಕರಿ ರಂಗಾಯತನ, ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರ: ಈ ಭಾಗದಲ್ಲಿ ರಂಗಮಂದಿರಗಳಿಗೆ ಕೊರತೆಯಿಲ್ಲ. ಕಲಿಸುವ ಕ್ರಮದ ಬಗ್ಗೆ ಮಾತ್ರ ಇನ್ನಷ್ಟು ಯೋಚಿಸಬೇಕಿದೆ. ಹೊಸಬರ ಕೈಗೆ ಮೊದಲ ದಿನವೇ ಯಾರೋ ಬರೆದ ಸಂಭಾಷಣೆ ಕೊಟ್ಟರೆ ಅವರು ಅದನ್ನು ಒಪ್ಪಿಸುವುದನ್ನಷ್ಟೇ ಕಲಿಯುತ್ತಾರೆ.

ಬೇರೆ ದಾರಿಯನ್ನು ಥಾಣೆಯಲ್ಲೇ ತೋರಿಸಿಕೊಟ್ಟವರು ರತ್ನಾಕರ ಮತಕರಿ. ‘ಅಲಬತ್ಯಾ ಗಲಬತ್ಯಾ’ದಂಥ ಮಕ್ಕಳ ನಾಟಕಗಳಿಂದ ಮರಾಠಿಯಲ್ಲಿ ಮನೆಮಾತಾಗಿದ್ದ ಅವರು 2014ರಲ್ಲಿ, ಎಪ್ಪತ್ತೈದರ ಆಸುಪಾಸಿನಲ್ಲಿ, ಸಮತಾ ವಿಚಾರ ಪ್ರಸಾರಕ ಸಂಸ್ಥೆಯ ಜೊತೆಗೂಡಿ ‘ವಂಚಿತಾಂಚಾ ರಂಗಮಂಚ್’ ಕಟ್ಟಿದರು. ಬಡ ವಸತಿಗಳ ಹುಡುಗ ಹುಡುಗಿಯರು ತಮ್ಮ ಓಣಿಯ ವಿಷಯವನ್ನು ತಾವೇ ಆರಿಸಿ, ತಾವೇ ಕಿರುನಾಟಕ ಹೆಣೆದು, ತಾವೇ ಆಡಿದರು. ಪಳಗಿದ ರಂಗಕರ್ಮಿಗಳು ಅವರ ಜೊತೆ ನಿಂತು ತಿದ್ದಿದರು. ಮತಕರಿ 2020ರಲ್ಲಿ ತೀರಿಕೊಂಡರು. ನಟನಾ ಶಿಕ್ಷಣಕ್ಕೆ ಅವರು ಬಿಟ್ಟುಹೋದ ಈ ಮಾದರಿ ಅವರ ನಾಟಕಗಳಷ್ಟೇ ದೊಡ್ಡದು.

ಇಂಥ ತರಗತಿಗೆ ಬೇಕಾದದ್ದು ಒಂದು ಕೋಣೆ, ಹತ್ತು ಹದಿನೈದು ಜನ, ಪ್ರತಿ ಭಾನುವಾರ ಎರಡು ಮೂರು ಗಂಟೆ. ಬೆಳಿಗ್ಗೆ ಲೋಕಲ್ ಹಿಡಿದು ರಾತ್ರಿ ಮರಳುವ ಊರಲ್ಲಿ ಬೇರೆ ದಿನ ಯಾರಿಗೂ ಬಿಡುವಿಲ್ಲ. 1980ರಲ್ಲಿ ಹೆಗ್ಗೋಡಿನಲ್ಲಿ ಶುರುವಾದ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಇಡೀ ವರ್ಷ ಒಪ್ಪಿಸಿಕೊಳ್ಳಲಾಗದವರಿಗೆ ಬೆಂಗಳೂರಲ್ಲಿ ಎ.ಎಸ್. ಮೂರ್ತಿಯವರ ‘ಅಭಿನಯ ತರಂಗ’ ಭಾನುವಾರದ ಶಾಲೆಯಾಯಿತು. ಜಾಗದ ಚಿಂತೆಯೂ ಬೇಡ: ದಾದರಿನಲ್ಲಿ ಮರಾಠಿಯ ಪ್ರಾಯೋಗಿಕ ರಂಗಭೂಮಿ ಬೆಳೆದದ್ದು ಛಬಿಲ್‌ದಾಸ್ ಶಾಲೆಯ ಸಭಾಂಗಣದಲ್ಲಿ.

ಮೊದಲ ವಾರ ಉಸಿರು, ನಡಿಗೆ. ಎರಡನೆಯ ವಾರಕ್ಕೆ ಮನೆಗೆಲಸ: ಪ್ಲಾಟ್‌ಫಾರ್ಮಿನಲ್ಲಿ ಒಬ್ಬರನ್ನು ಗಮನಿಸಿ ಬನ್ನಿ. ಮೀನಿನ ಬುಟ್ಟಿ ಇಳಿಸುವಾಕೆ ಸೊಂಟವನ್ನು ಹೇಗೆ ತಿರುಗಿಸುತ್ತಾಳೆ, ಗಾಡಿ ತಪ್ಪಿದವನ ಕೈ ಎಲ್ಲಿಗೆ ಹೋಗುತ್ತದೆ? ಮಾತಿಲ್ಲದೆ ಮಾಡಿ ತೋರಿಸಬೇಕು. ಆಮೇಲೆ ಇಬ್ಬಿಬ್ಬರಾಗಿ ಒಂದು ಸನ್ನಿವೇಶ. ಒಬ್ಬರಿಗೆ ಬಾಡಿಗೆ ಕೇಳಬೇಕಿದೆ, ಇನ್ನೊಬ್ಬರಿಗೆ ಮಾತು ಮರೆಸಬೇಕಿದೆ. ಇಲ್ಲಿ ಕಷ್ಟದ ಕೆಲಸವೆಂದರೆ ಕೇಳಿಸಿಕೊಳ್ಳುವುದು. ಎದುರಿಗಿದ್ದವರ ಮಾತು ಕಿವಿಗೆ ಬೀಳದಿದ್ದರೆ ಉತ್ತರ ಸುಳ್ಳಾಗುತ್ತದೆ, ನೋಡುವವರಿಗೆ ಅದು ತಕ್ಷಣ ತಿಳಿಯುತ್ತದೆ. ಯಕ್ಷಗಾನದ ಹೆಜ್ಜೆಯನ್ನು ಗುರುಗಳು ಕುಣಿದೇ ತೋರಿಸಬೇಕು, ಬೇರೆ ಉಪಾಯವಿಲ್ಲ. ಆದರೆ ಕೋಪವನ್ನೋ ಸಂಕೋಚವನ್ನೋ ಮೇಷ್ಟ್ರು ಮಾಡಿ ತೋರಿಸಿದರೆ ಕೋಣೆಯ ತುಂಬ ಅವರದೇ ನಕಲು. ಪ್ರಶ್ನೆ ಕೇಳಿ ಕಾಯುವುದೇ ಕಲಿಸುವವರ ಕೆಲಸ. ಬರೆದ ನಾಟಕ ಎರಡು ತಿಂಗಳ ಮೇಲೆ ಬಂದರೆ ಸಾಕು.

ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಮನೆಯಲ್ಲಿ ಕನ್ನಡವೋ ತುಳುವೋ, ಕೆಳಗೆ ಆಟದಲ್ಲಿ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಹೊಸದಾಗಿ ಕಟ್ಟುವ ಸನ್ನಿವೇಶದಲ್ಲಿ ಇವೆಲ್ಲ ಬೆರೆತೇ ಬರುತ್ತವೆ, ಬರಲಿ. ಅಜ್ಜಿಯ ಜೊತೆ ಜಗಳವಾಡುವ ದೃಶ್ಯಕ್ಕೆ ಮಗು ತಾನಾಗಿ ಮನೆಯ ಮಾತಿಗೆ ಹೊರಳುತ್ತದೆ, ಅಲ್ಲಿಂದ ಕನ್ನಡ ತಿದ್ದುವುದು ಸುಲಭ. ‘ಚಿಣ್ಣರ ಬಿಂಬ’ದ ಶಿಬಿರಗಳು ಉಪನಗರಗಳ ಮಕ್ಕಳಿಗೆ ಕನ್ನಡ, ಭಜನೆ, ಭಾಷಣ ಕಲಿಸಿ ಈಗಾಗಲೇ ನೆಲ ಹದ ಮಾಡಿವೆ. ಡೊಂಬಿವಲಿ ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯದಂಥ ಕಡೆ ಭಾನುವಾರ ಒಂದು ಕೋಣೆ ತೆರೆದರೆ, ಹೋಟೆಲಿನ ಗಲ್ಲಾದಲ್ಲಿ ಕೂತ ಅಜ್ಜ, ರಜೆಗೆ ಊರಿಗೆ ಹೊರಟ ಕೊಂಕಣ ರೈಲಿನ ಬೋಗಿ, ಚಾಳಿನ ನೀರಿನ ಸರದಿ ಎಲ್ಲವೂ ಆ ಮಕ್ಕಳ ಮೊದಲ ನಾಟಕಗಳಾಗಬಲ್ಲವು.