ಸೀಸವಿಲ್ಲದ ಸೀಸದಕಡ್ಡಿ

ಪೆನ್ಸಿಲ್ಲಿಗೆ ನಾವು ಸೀಸದಕಡ್ಡಿ ಎನ್ನುತ್ತೇವೆ. ಆದರೆ ಅದರಲ್ಲಿ ಸೀಸವೇ ಇಲ್ಲ! ಇರುವುದು ಗ್ರಾಫೈಟ್, ಅಂದರೆ ಇಂಗಾಲ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್‌ನಲ್ಲಿ ಸಿಕ್ಕ ಈ ಕಪ್ಪು ವಸ್ತುವನ್ನು ಜನ ಸೀಸವೆಂದೇ ನಂಬಿದ್ದರು. ಯುದ್ಧದಿಂದ ಪೂರೈಕೆ ನಿಂತಾಗ ಫ್ರಾನ್ಸಿನ ಕಾಂಟೆ 1795ರಲ್ಲಿ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟ. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಟ್ಟಿ, ಗೆರೆ ತಿಳಿ.

ನಾನಿರುವ ಪುಣೆಯ ಯೆರವಡಾದಲ್ಲಿ ಐಟಿ ಕಚೇರಿಗಳ ಜೊತೆಗೆ ಗಾಂಧೀಜಿ ಇದ್ದ ಜೈಲೂ ಇದೆ. 1930ರಲ್ಲಿ ಅಲ್ಲಿ ಅವರ ಸಂಗಾತಿಯಾಗಿದ್ದವರು, ಹಿಂದೆ ಬೆಳಗಾವಿಯಲ್ಲಿ ಮೇಷ್ಟರಾಗಿದ್ದ ಕಾಕಾ ಕಾಲೇಲ್ಕರ್. 1915ರ ಮುಂಬಯಿ ಕಾಂಗ್ರೆಸ್ ಅಧಿವೇಶನದ ವೇಳೆ ಗಾಂಧೀಜಿ ಮೋಟು ಪೆನ್ಸಿಲೊಂದಕ್ಕೆ ಹುಡುಕಾಡಿದ್ದನ್ನು ಕಾಕಾ ಬರೆದಿಟ್ಟಿದ್ದಾರೆ. ತಮ್ಮದನ್ನು ಕೊಡಹೋದರೂ ಗಾಂಧೀಜಿಗೆ ಬೇಡ. ಮದರಾಸಿನ ನಟೇಶನ್ ಅವರ ಪುಟ್ಟ ಮಗ ಪ್ರೀತಿಯಿಂದ ಕೊಟ್ಟದ್ದೇ ಬೇಕು!

ಕೋಡ್ ಬರೆಯುವ ಮೊದಲು ನಾನೂ ಪೆನ್ಸಿಲ್ ಹಿಡಿಯುತ್ತೇನೆ. ಪರದೆಯಲ್ಲಿ ಅಳಿಸಿದ್ದು ಗುರುತಿಲ್ಲದೆ ಮಾಯ; ಕಾಗದದಲ್ಲಿ ಅಳಿಸಿದ ಗೆರೆಯ ನೆರಳು ಉಳಿದು, ಬಿಟ್ಟುಬಂದ ದಾರಿಯನ್ನು ತೋರಿಸುತ್ತದೆ. ಬರೆಯುವವರಿಗೆ ಪೆನ್ಸಿಲ್ ಹಿಡಿಸುವುದು ಬಹುಶಃ ಇದಕ್ಕೇ.

ಮಗಳ ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಇವೆ, ಕನ್ನಡವಿಲ್ಲ. ಟ್ಯಾಬ್‌ನಲ್ಲಿ ಕಲಿಸಿ ಎನ್ನುವವರಿದ್ದಾರೆ. ಆದರೆ 'ಅ'ದ ಸುತ್ತು, 'ಳ'ದ ತಿರುವು ಬೆರಳಿಗೆ ಹತ್ತಬೇಕಾದರೆ ಕಾಗದದ ಮೇಲೆ ತಿದ್ದಲೇಬೇಕು. ನಮ್ಮ ಮನೆಯಲ್ಲಿ ಕನ್ನಡ ಮುಂದಿನ ತಲೆಮಾರಿಗೆ ದಾಟುವುದಿದ್ದರೆ, ಐದು ರೂಪಾಯಿಯ ಆ ಕಡ್ಡಿ ಹಿಡಿದೇ ದಾಟಬೇಕು.